ಮುಲ್ಲಾ ಸೊರಗಿದ್ದು

ಬಿ.ಪಿ. ನೂರಾ ಎಪ್ಪತ್ತು.
ಮತ್ತಿಕೆರೆ ಕ್ಲಿನಿಕ್ಕಿನ ಪದ್ಮರಾಜ ಡಾಕ್ಟರು
ತೋಳಿನ ಪಟ್ಟಿ ಬಿಚ್ಚುತ್ತ ಕೇಳಿದರು, ಉಪ್ಪು ಜಾಸ್ತಿಯಾ?
ಇಲ್ಲ, ಪೇಪರು, ಅಂದೆ.
ನಕ್ಕರು. ಮಾತ್ರೆಯ ಕೆಳಗೆ ಬರೆದೇಬಿಟ್ಟರು:
ಮೂರು ತಿಂಗಳು ಸುದ್ದಿ ಬೇಡ.

ಮನೆಗೆ ಬರುವಾಗ ಆಟೋದಲ್ಲಿ ನಾದಿನಿ ವಿಶಾಲು
ತನ್ನದೊಂದು ಒಗ್ಗರಣೆ ಹಾಕಿದಳು:
ಊರ ಚಿಂತೆ ಮಾಡಿ ಮುಲ್ಲಾ ಸೊರಗಿದನಂತೆ.

ಚಿಕ್ಕಂದಿನಿಂದ ಕೇಳಿದ ಮಾತು.
ಅವತ್ತು ಮಾತ್ರ, ಯಶವಂತಪುರದ ಸಿಗ್ನಲ್ಲಿನಲ್ಲಿ,
ಆ ಮುಲ್ಲಾ ಯಾರಿರಬಹುದು ಅಂತ ಯೋಚನೆ ಹತ್ತಿತು.
ಹೆಸರಿಲ್ಲ. ಹೆಂಡತಿ ಏನಂದಳೋ ಗೊತ್ತಿಲ್ಲ.
ಕೆರೆ ಏರಿ ಬಿರುಕು ಬಿಟ್ಟದ್ದು ಅವನೊಬ್ಬನಿಗೇ ಕಂಡಿತ್ತೋ,
ಯಾರ ಮನೆಯ ಒಲೆ ವಾರದಿಂದ ಉರಿದಿರಲಿಲ್ಲವೋ.
ಕಡೆಗೆ ಊರು ಏನಾಯಿತು,
ಅದನ್ನು ಗಾದೆ ಹೇಳುವುದೇ ಇಲ್ಲ.
ಕಣ್ತುಂಬ ನಿದ್ದೆ ಮಾಡಿ ಎದ್ದ ಯಾರೋ
ಆಕಳಿಸುತ್ತ ಕಟ್ಟಿದ್ದಿರಬೇಕು.

ಮೂವತ್ತೊಂದು ವರ್ಷ
ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ
ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಕೂದಲಿಗಿಂತ ತೆಳುವಾದ ಸುರುಳಿ ಕೂರಿಸಿದವಳು ನಾನು.
ಉಸಿರು ಬಿಗಿಹಿಡಿದು. ಚಿಮಟ ನಡುಗಬಾರದು.
ಸೂಪರ್‌ವೈಸರ್ ದೇಶಿಕಾಚಾರ್ ಹೇಳುತ್ತಿದ್ದರು,
ಧೂಳಿನ ಕಣ ಕಂಡ ಮೇಲೆ ಕಾಣಲಿಲ್ಲ ಅನ್ನೋ ಹಾಗಿಲ್ಲಮ್ಮ,
ಅದು ಒಳಗೇ ಕೂತು
ಯಾರದೋ ಪರೀಕ್ಷೆ, ಯಾರದೋ ರೈಲು ತಪ್ಪಿಸುತ್ತೆ.
ಕಾರ್ಖಾನೆಗೆ ಬೀಗ ಬಿತ್ತು.
ಕಣ್ಣಿಗೆ ಆ ಚಾಳಿ ಉಳಿಯಿತು.

ಹತ್ತು ದಿನ ಡಾಕ್ಟರ ಮಾತು ಪಾಲಿಸಿದೆ.
ಹನ್ನೊಂದನೆಯ ದಿನ ಕೊತ್ತಂಬರಿ ಸೊಪ್ಪು
ಹಳೇ ಪೇಪರು ಸುತ್ತಿಕೊಂಡು ಬಂತು.
ಒದ್ದೆ ಚಿತ್ರ. ಯಾವುದೋ ದೂರದ ಊರು, ಬಾಂಬು ಬಿದ್ದ ಶಾಲೆ.
ನಿಂತಿದ್ದು ಒಂದೇ ಗೋಡೆ, ಗೋಡೆಯ ಮೇಲೆ ಗಡಿಯಾರ,
ಹತ್ತೂ ಇಪ್ಪತ್ತು.
ಹಾಜರಿ ಕೂಗಿ ಮುಗಿದಿರುವ ಹೊತ್ತು.

ಬೇರು ತೆಗೆದೆ, ಸೊಪ್ಪು ತೊಳೆದೆ, ಸಾರು ಕುದಿಸಿದೆ.
ಸೌಟು ಹಿಡಿದ ಕೈ
ಆ ಗಡಿಯಾರದ ಬೆನ್ನು ಬಿಚ್ಚಿ
ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುತ್ತಲೇ ಇತ್ತು.

ನನ್ನ ಚಿಮಟ ಅಲ್ಲಿಯತನಕ ಚಾಚುವುದಿಲ್ಲ.
ಅದು ಗೊತ್ತು. ವಿಶಾಲು ಹೇಳಬೇಕಾಗಿಲ್ಲ.

ಆದರೆ ನಮ್ಮ ಐದನೇ ಕ್ರಾಸಿನಲ್ಲಿ, ಹಾಲಿನ ಬೂತಿನ ಎದುರು,
ಮುಚ್ಚಳವಿಲ್ಲದ ಮ್ಯಾನ್‌ಹೋಲು ಇದೆ.
ಯಾರೋ ಸಿಕ್ಕಿಸಿದ ಹೊಂಗೆ ಕೊಂಬೆ ಒಣಗಿತ್ತು,
ಹಳೇ ಕೆಂಪು ಲಂಗ ಹರಿದು ಅದಕ್ಕೆ ಕಟ್ಟಿದೆ.
ಹೋದ ವರ್ಷ ಇದರೊಳಗೇ
ಓಬಳೇಶನನ್ನು ಇಳಿಸಿದ್ದರು,
ಕಾನೂನು ಕೂಡದು ಅಂದಮೇಲೂ, ಎಂಟುನೂರು ರೂಪಾಯಿಗೆ.
ಅಂಚಿನಲ್ಲಿ ಬಿಟ್ಟಿದ್ದ ಅವನ ಚಪ್ಪಲಿ
ಎರಡು ದಿನ ಅಲ್ಲೇ ಇತ್ತು.
ಎಲ್ಲರೂ ಬಳಸಿ ಹೋಗಿ ಹಾಲು ತಂದೆವು.
ನಾನೂ.

ಈಗ ಗುರುವಾರ ಗುರುವಾರ ಜಲಮಂಡಳಿ ಆಫೀಸು.
ನೋಟ್‌ಬುಕ್ಕಿನಲ್ಲಿ ತಾರೀಕು, ಕುರ್ಚಿಯಲ್ಲಿದ್ದವರ ಹೆಸರು, ಅವರು ಹೇಳಿದ್ದು:
ಸಾಹೇಬರು ಸೈಟಿಗೆ ಹೋಗಿದಾರೆ.
ಅದು ಪಾಲಿಕೆಗೆ ಬರುತ್ತೆ.
ಅಜ್ಜಿ, ಮನೇಲಿ ಬೇರೆ ಯಾರೂ ಇಲ್ವಾ?
ಹದಿನಾಲ್ಕು ಗುರುವಾರ.
ಬಿ.ಪಿ. ಇಳಿದಿಲ್ಲ. ಏರಿಯೂ ಇಲ್ಲ.

ರಾತ್ರಿ ಕೈಗಡಿಯಾರಕ್ಕೆ ಕೀಲಿ ಕೊಡುವ ಹೊತ್ತಿಗೆ
ಮುಲ್ಲಾ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ.
ಅಂಗಿ ಯಾರದೋ ಅನ್ನುವ ಹಾಗೆ ಜೋತಿದೆ.
ನಿಜಕ್ಕೂ ಬಹಳ ಸೊರಗಿದ್ದಾನೆ.
ಮುಚ್ಚಳ ಹಾಕಿದರಾ?
ಇಲ್ಲ.
ಸಾರು ಉಳಿದಿದೆಯಾ?
ಇದೆ.
ಉಣ್ಣುತ್ತಾನೆ. ತಟ್ಟೆ ತಾನೇ ತೊಳೆದಿಡುತ್ತಾನೆ.
ಗುರುವಾರ ಎಷ್ಟು ಗಂಟೆಗೆ, ಅಂತ ಕೇಳುತ್ತಾನೆ.