ಬೆಳಗಿನ ಜಾವ ಬೆಚ್ಚಗಿದ್ದದ್ದು

ನಾಲ್ಕೂವರೆಗೆ ಕೀಲಿ ತಿರುಗಿಸಿದರೆ
ಟಿಕ್ ಅಂದು ಸುಮ್ಮನಾಗುತ್ತಿತ್ತು ಓಮ್ನಿ.
ಹಿಂದೆ ಹದಿನಾಲ್ಕು ಕ್ರೇಟು ಗೂಡು, ಗೂಡೊಳಗೆ ಹುಳ.
ಹುಳಕ್ಕೇನು ನನ್ನ ಬ್ಯಾಟರಿಯ ಚಿಂತೆ?
ದಿನ ತುಂಬಿದರೆ ಕೊರೆದುಕೊಂಡು ಬರುತ್ತದೆ;
ಆಮೇಲೆ ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ
ಯಾವ ರೀಲರೂ ಆ ಲಾಟು ಮೂಸಿ ನೋಡುವುದಿಲ್ಲ.

ಮೊದಲ ಬ್ಯಾಟರಿ ಯುಗಾದಿಗೆ ಸತ್ತಿತು,
ಎರಡನೆಯದು ಗೌರಿಹಬ್ಬದ ಹೊತ್ತಿಗೆ.
ಹೊಸದಕ್ಕೆ ಅರಿಶಿನ ಕುಂಕುಮ ಇಟ್ಟೆ.
ಮೂರನೇ ಬೆಳಗ್ಗೆ ಮತ್ತೆ
ಟಿಕ್.

ಮುಂದಿನ ಸೀಟಿನ ಮೇಲೆ ಮುದುಡಿ ಮಲಗುತ್ತಿದ್ದ ಆವುಲಪ್ಪ.
ರಾತ್ರಿಯೆಲ್ಲ ಟೇಪು ಹಾಕ್ಕೊಂಡಿರ್ತೀಯ, ಅಂದೆ.
ಲೈಟು ಉರಿಸಿ ಬೀಡಿ ಹುಡುಕ್ತೀಯ, ಅಂದೆ.
'ನೇನು ಕಾದಣ್ಣಾ' ಅಂದ, ಒಂದೇ ಸಲ,
ಅವನ ಅವ್ವನ ಭಾಷೆಯಲ್ಲಿ.
ಸುಳ್ಳಾಗಿದ್ದರೆ ನನ್ನ ಭಾಷೆಯಲ್ಲಿ ಹೇಳುತ್ತಿದ್ದ
ಎಂದು ಈಗ ಅನಿಸುತ್ತದೆ.

ಸಂಬಳದಲ್ಲಿ ಬ್ಯಾಟರಿ ದುಡ್ಡು ಮುರಿದುಕೊಂಡೆ, ಎರಡು ಕಂತು.
ಮೂರನೆಯದಕ್ಕೆ ಅವನಿರಲಿಲ್ಲ.
ಸೀಟಿನ ಮೇಲೆ ಮಡಿಸಿಟ್ಟ ರಗ್ಗು,
ರಗ್ಗಿನ ಮೇಲೆ ಕೀಲಿ.

ಅವನು ಹೋದ ಮೇಲೂ ಗಾಡಿ ಟಿಕ್ ಅಂದಿತು.
ನಿಜ ಹೇಳಬೇಕೆಂದರೆ ಆಗ ನನಗೆ
ಬಂದದ್ದು ನಾಚಿಕೆಯಲ್ಲ, ಸಿಟ್ಟು.

ದಿಬ್ಬೂರಹಳ್ಳಿ ರಸ್ತೆಯ ಖಲಂದರ್ ಸಾಬರು
ನಮಾಜು ಮುಗಿಸಿ ಬಂದರು, ಸೀಟು ಎತ್ತಿದರು,
ಮಗುವಿನ ಜ್ವರ ನೋಡುವ ಹಾಗೆ
ಆಲ್ಟರ್ನೇಟರಿನ ಮೇಲೆ ಅಂಗೈ ಇಟ್ಟರು.
ರಾತ್ರಿ ಎಲ್ಲಿಗೆ ಹೋಗಿತ್ತು ಗಾಡಿ?
ಎಲ್ಲಿಗೂ ಇಲ್ಲ, ನಿನ್ನೆ ಮಧ್ಯಾಹ್ನ ನಿಲ್ಲಿಸಿದ್ದು.
ಮತ್ತೆ ಇದ್ಯಾಕೆ ಬೆಚ್ಚಗಿದೆ?

ತಮ್ಮದೊಂದು ಬ್ಯಾಟರಿ ಇಟ್ಟು
ನಡುವೆ ಕಡಲೆಕಾಳಿನಷ್ಟು ಬಲ್ಬು ಕಟ್ಟಿದರು.
ಕೀಲಿ ನನ್ನ ಜೇಬಿನಲ್ಲಿ, ಬಲ್ಬು ಉರಿಯುತ್ತಿತ್ತು.
ಫ್ಯೂಜು ಒಂದೊಂದೇ ಕಿತ್ತು ಪೇಪರಿನ ಮೇಲೆ ಇಟ್ಟರು:
ಟೇಪಿನದು, ಲೈಟಿನದು, ಹಾರನ್ನಿನದು.
ಉರಿಯುತ್ತಲೇ ಇತ್ತು.
ಆಲ್ಟರ್ನೇಟರಿನ ದಪ್ಪ ವೈರು ಬಿಚ್ಚಿದರು.
ಆರಿತು.

ಬಿಚ್ಚಿ ತೋರಿಸಿದರು: ಬೆನ್ನ ಹಿಂದೆ ಆರು ಗುಂಡಿ, ಡಯೋಡು.
ಇಲ್ಲಿಂದ ಬ್ಯಾಟರಿಗೆ ಹೋಗಲಿ, ಅಲ್ಲಿಂದ ವಾಪಸ್ ಬರದಿರಲಿ,
ಇಷ್ಟೇ ಅವುಗಳ ನೌಕರಿ.
ಐದು, ಮೀಟರು ಹೀಗಿಟ್ಟರೆ ಕುಂಯ್, ತಿರುಗಿಸಿಟ್ಟರೆ ಮೌನ.
ಆರನೆಯದು ಹೀಗೂ ಕುಂಯ್, ಹಾಗೂ ಕುಂಯ್.
ಓಡೋವಾಗ ಗೊತ್ತಾಗಲ್ಲ, ತುಂಬ್ತಾನೇ ಇರ್ತದೆ, ಅಂದರು.
ನಿಂತ ಮೇಲೆ ಕುಡೀತದೆ.

ಮಂಕರಿಗೆ ಕೈ ಹಾಕಿದರೆ ಸಾಕು,
ತೂತು ಬಿದ್ದ ಒಂದು ಗೂಡನ್ನು ಬೆರಳಲ್ಲೇ ಹಿಡಿಯುವವನು ನಾನು,
ಇಪ್ಪತ್ತೆರಡು ವರ್ಷದಿಂದ.
ಡಯೋಡನ್ನು ಅಂಗೈಯಲ್ಲಿ ಹೊರಳಿಸಿ ನೋಡಿದೆ.
ಏನೂ ಕಾಣಲಿಲ್ಲ.
ಪ್ಲೇಟಿಗೆ ಐನೂರೈವತ್ತು, ಕೂಲಿ ಇನ್ನೂರು.

ಗಂಜಿಗುಂಟೆಗೆ ಹೋದೆ, ಅವನ ಅಕ್ಕನ ಮನೆಗೆ.
ಚಿಂತಾಮಣಿಯಲ್ಲಿ ಟೊಮೊಟೊ ಲೋಡಿಗೆ ಹೋಗ್ತವ್ನೆ,
ಯಾವಾಗ ಬರ್ತಾನೋ, ಅಂದಳು.
ಕವರು ಚಾಚಿದೆ. ಬ್ಯಾಟರಿ ದುಡ್ಡು, ಅಂದೆ.
ಯಾವ ಬ್ಯಾಟರಿ?
ಮನೆಯಲ್ಲಿ ಅವನು ಹೇಳಿಯೇ ಇರಲಿಲ್ಲ.
ಕೈಯೊರೆಸಿಕೊಂಡು, ಕವರು ಮುಟ್ಟದೆ, ಅವಳೇ ಅಂದಳು:
ನಿಮ್ ಗಾಡೀಲಿ ನಿದ್ದೆ ಚೆನ್ನಾಗಿ ಹತ್ತಿತ್ತಂತೆ.
ಮಾಗಿ ಚಳೀಲೂ
ಕೆಳಗಿಂದ ಬೆಚ್ಚಗೆ ಬರ್ತಿತ್ತಂತೆ, ಏನೋ.