ಷರಾ

ನಾನು ರೈಟರ್. ಕವಿಯಲ್ಲ, ಕಾಫಿತೋಟದ ರೈಟರ್.
ಗೋಣಿಬೀಡಿನಿಂದಾಚೆ ಮೂರನೇ ತಿರುವಿಗೆ
ತಗಡಿನ ಕಚೇರಿ, ಅದರೊಳಗೆ ನನ್ನ ಪುಸ್ತಕ:
ತಾರೀಕು. ಆಳು. ಮಳೆ, ಇಂಚು-ಸೆಂಟುಗಳಲ್ಲಿ.
ಯೂರಿಯಾ, ಚೀಲಗಳಲ್ಲಿ.
ಕೊನೆಗೊಂದು ಕಾಲಂ, ಷರಾ ಅಂತ.
ಹದಿನೇಳು ವರ್ಷ ಅಲ್ಲೊಂದು ಅಡ್ಡಗೆರೆ ಎಳೆದು
ಮುಂದಿನ ಪುಟಕ್ಕೆ ಹೋಗಿದ್ದೇನೆ.

ಭಾನುವಾರ, ಕೂಲಿಯಿಲ್ಲದ ದಿನ,
ಸೇಸಕ್ಕ ಕಲ್ಲುಹೂವು ಕೀಳುತ್ತಿದ್ದಳು
ಹಲಸಿನ ಮೈಯಿಂದ, ಬಿದ್ದ ಅತ್ತಿಯ ಕೊಂಬೆಯಿಂದ.
ಚಾಕು ಮುಟ್ಟುವವಳಲ್ಲ; ತೆಂಗಿನ ಚಿಪ್ಪಿನ ಅಂಚು ಸಾಕು.
"ಮರಕ್ಕೆ ನೋಯಬಾರದಲ್ಲ ರೈಟ್ರೇ."
ಮೂಡಿಗೆರೆ ಸಂತೆಯಲ್ಲಿ ಮಸಾಲೆಯಂಗಡಿ ಮೊಯ್ದೀನ್ ಸಾಬರು
ಮೂಸಿಯೇ ಹೇಳುತ್ತಿದ್ದರು, ಇದು ಯಾವ ಮರದ್ದು ಅಂತ.
ನಮ್ಮ ಮನೆಯ ಪಲಾವಿನಲ್ಲೂ ಅದೇ:
ಸುಟ್ಟ ಕಾಗದದಂಥ ಬೂದಿಬಣ್ಣದ ಚೂರು,
ಎಣ್ಣೆಗೆ ಬಿದ್ದೊಡನೆ
ನೆಂದ ಮರದ ವಾಸನೆ.

ಈ ಸಲ ಚೀಲ ಕೊಡವಿದರೆ ತಳದಲ್ಲಿ ಒಂದು ಹಿಡಿ.
"ಮರ ಎಲ್ಲಾ ಹಸಿರಾಗ್ಯಾವೆ, ಹೂವೇ ಇಲ್ಲ."
ಧಣಿಗಳಿಗೆ ಆ ಹಸಿರು ಇಷ್ಟ.
ಕಾಂಡದುದ್ದ ಲೋಳೆಲೋಳೆ ಪಾಚಿ ಸವರಿ
"ಮರಾನೂ ಗೊಬ್ಬರ ತಿಂದಿದೆ ಕಣ್ರೀ" ಎಂದು ನಗುತ್ತಾರೆ.

ಹಾಸನದ ಕಾಲೇಜಿನಿಂದ ಒಬ್ಬಳು ಬಂದಳು, ತಬಸ್ಸುಮ್,
ಕೊರಳಲ್ಲಿ ಭೂತಗನ್ನಡಿ, ಕಂಕುಳಲ್ಲಿ ಹಳೇ ಲಕೋಟೆಗಳು.
ಕನ್ನಡಿ ನನ್ನ ಕೈಗೆ ಕೊಟ್ಟಳು. ಉಸಿರು ಕಟ್ಟಿ ನೋಡಿದೆ.
ಇದು ಒಂದು ಜೀವ ಅಲ್ಲವಂತೆ,
ಕೋರುಪಾಲಿನ ಒಕ್ಕಲುತನ.
ಬೂಷ್ಟಿನ ಜಾತಿಯವನು ಗೋಡೆ ಕಟ್ಟಿ ನೀರು ಹಿಡಿದಿಡುತ್ತಾನೆ;
ಒಳಗೆ ಕೂತ ಪಾಚಿ ಬಿಸಿಲಲ್ಲಿ ಬೇಯಿಸಿ
ಮುಕ್ಕಾಲು ಪಾಲು ಅವನಿಗೆ ಬಡಿಸುತ್ತದೆ.
ಕೆಲವು ಮನೆಗಳಲ್ಲಿ ನೀಲಿಮೈಯ ಇನ್ನೊಬ್ಬ,
ಗಾಳಿಯಿಂದ ಸಾರಜನಕ ಹಿಡಿದು ತರುವ ಆಳು.
"ಬಡತನದ ಲೆಕ್ಕ ಸರ್, ಇಲ್ಲದ್ದರಲ್ಲೇ ಕಲಿತದ್ದು."

ಆಮೇಲೆ ನಮ್ಮ ಚೀಲಗಳನ್ನು ನೋಡಿದಳು.
ಮೇ ತಿಂಗಳಿನ ಕೋಳಿಗೊಬ್ಬರದ ಲಾರಿ ನೆನಪಾಯಿತು:
ಟಾರ್ಪಾಲು ತೆಗೆದರೆ ಕಣ್ಣುರಿ, ಮೂರು ದಿನ ಮೂಗಲ್ಲಿ ಘಾಟು.
ಆ ಘಾಟು ಮರ ಹತ್ತುತ್ತದಂತೆ,
ಇಬ್ಬನಿಯಲ್ಲಿ ಕರಗಿ ತೊಗಟೆಯ ಹುಳಿ ಸತ್ತುಹೋಗುತ್ತದಂತೆ.
ಪಾಚಿಗೆ ದಿನವೂ ಹಬ್ಬ.
ಹೆಚ್ಚುತ್ತದೆ, ಇನ್ನೂ ಹೆಚ್ಚುತ್ತದೆ,
ಬೇಯಿಸಿದ್ದೆಲ್ಲ ತನ್ನ ಮೈಗೇ ಸುರಿದುಕೊಳ್ಳುತ್ತದೆ.
ಗೋಡೆಯವನು ಹಸಿದು ಬಿರುಕು ಬಿಡುತ್ತಾನೆ.
ಗಾಳಿ ಹಿಡಿಯುವ ಆಳಿಗೆ ಕೆಲಸವೇ ಇಲ್ಲ.

"ಉಂಡ ಮನೆಗೆ ಎರಡು ಬಗೆಯಿತೇ?" ಎಂದೆ.
"ಛೆ, ಇಲ್ಲ ಸರ್. ಅದಕ್ಕೆ ಇಷ್ಟು ಉಣಿಸಿದವರು
ಮೊದಲು ಯಾರೂ ಇರಲಿಲ್ಲ, ಅಷ್ಟೇ."
ಉಳಿದ ಚೂರಿಗೆ ಸೀಸೆಯಿಂದ ಒಂದು ಹನಿ ಬಿಟ್ಟಳು.
ಹಳದಿ. ನೋಡನೋಡುತ್ತ ರಕ್ತಗೆಂಪು.
ಗುರುತು ಸಿಕ್ಕಿತೆಂದು ಏನೋ ಹೆಸರು ಬರೆದುಕೊಂಡಳು,
ನನಗೆ ಓದಲು ಬರಲಿಲ್ಲ.

ರಾತ್ರಿ ಹಳೇ ಪುಸ್ತಕ ತೆಗೆದೆ.
ಯೂರಿಯಾ ನಲವತ್ತು. ಐವತ್ತೈದು. ತೊಂಬತ್ತು.
ದುಂಡು ದುಂಡು ಅಂಕಿ,
ತಿದ್ದಿಲ್ಲ, ಕಾಟು ಹೊಡೆದಿಲ್ಲ,
ನನ್ನದೇ ಕೈ.

ಇವತ್ತಿನ ತಾರೀಕು. ಆಳು ಮೂವತ್ತೊಂದು.
ಮಳೆ ಎಪ್ಪತ್ತು ಸೆಂಟ್.
ಷರಾ: ಬಂಗಲೆ ಹಿಂದಿನ ಹೊನ್ನೆ, ಬಡಗಣ ಮಗ್ಗುಲು,
ಆಳೆತ್ತರದಲ್ಲಿ, ಅಂಗೈಯಗಲ ಒಂದು, ಇನ್ನೂ ಇದೆ.
ಸೇಸಕ್ಕನಿಗೆ ಹೇಳಿಲ್ಲ.