ನೂರ ನಲವತ್ತೊಂದನೇ ಚಿತ್ರ

ಪರೇಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಯಂತ್ರಕ್ಕೆ ಹಗಲು, ನನಗೆ ರಾತ್ರಿಪಾಳಿ.
ಅದು ತೆಗೆದಿಟ್ಟ ತಲೆಗಳನ್ನು
ಒಂದೊಂದಾಗಿ ಹಸನು ಮಾಡುತ್ತೇನೆ,
ಅಕ್ಕಿ ಆರಿಸಿದ ಹಾಗೆ.

ಮೊದಲು ಮುಖ ಅಳಿಸಬೇಕು.
ಕಣ್ಣು, ಮೂಗು, ತುಟಿ. ಯಾರೆಂದು ಗೊತ್ತಾಗಬಾರದು.
ಒಂದು ಸಾಲು ಬರೆದು ಎಂಟರ್ ಒತ್ತಿದರೆ
ಹಣೆಯಿಂದ ಗಲ್ಲದವರೆಗೆ ಸಪಾಟು.
ಆಮೇಲೆ ಬುರುಡೆ ಸುಲಿಯುವುದು.
ಸೊನ್ನೆ ಪಾಯಿಂಟ್ ಏಳು ಅಂದರೆ ತಿರುಳೂ ಕಿತ್ತು ಬರುತ್ತದೆ,
ಸೊನ್ನೆ ಪಾಯಿಂಟ್ ಎರಡು ಅಂದರೆ ಚಿಪ್ಪು ಅಂಟಿಕೊಂಡೇ ಉಳಿಯುತ್ತದೆ;
ಕಾಯಿ ಸುಲಿಯುವವರಿಗೆ ಗೊತ್ತು, ಕೈಯಳತೆ ಎಂಬುದೊಂದಿದೆ,
ಕೈಪಿಡಿಯಲ್ಲಿ ಅದಿಲ್ಲ.

ಮಾಂಟ್ರಿಯಲ್ಲಿನ ನೂರೈವತ್ತೆರಡು ಮಂದಿಯ
ಸರಾಸರಿ ತಲೆಯೊಂದಿದೆ. ಆ ಅಚ್ಚಿಗೆ
ಧಾರಾವಿಯ ತಲೆಯನ್ನು ಎಳೆದು, ಒತ್ತಿ ಕೂರಿಸುವುದು.
ಕೂರುತ್ತದೆ.
ಅತ್ತೆಯ ರವಿಕೆ ಸೊಸೆಗೆ ಕೂತ ಹಾಗೆ,
ಕಂಕುಳಲ್ಲಿ ತುಸು ಬಿಗಿ.

ಇಪ್ಪತ್ತಮೂರನೆಯಾಕೆ ಬಂದದ್ದು ಸೋಮವಾರ.
ಹೆಸರು ಹೇಳುವಂತಿಲ್ಲ, ನಿಯಮ.
ಹುಟ್ಟಿದ್ದು ಇಂಡಿ ತಾಲೂಕು, ಏಳರ ವಯಸ್ಸಿಗೆ ಧಾರಾವಿ,
ಚರ್ಮದ ಚೀಲಕ್ಕೆ ಹಿಡಿಕೆ ಹೊಲಿಯುತ್ತಾಳೆ,
ಇಷ್ಟನ್ನು ಫಾರಮ್ಮೇ ಹೇಳಿತು.
ಎರಡು ಭಾಷೆ ಒಂದೇ ತಲೆಯಲ್ಲಿ
ಹೇಗೆ ಬಾಡಿಗೆಗಿವೆ ಎಂದು ನೋಡುವ ಪ್ರಯೋಗ ನಮ್ಮದು.
ಕಿವಿಗೆ ಮರಾಠಿ ಮೂವತ್ತು ಮಾತು, ಕನ್ನಡ ಮೂವತ್ತು.
ಮರಾಠಿಗೆ ಘೋಸಾಳ್ಕರ್ ಬಾಯಿಯ ದನಿ.
ಕನ್ನಡಕ್ಕೆ ನನ್ನದು;
ವಡಾಳದ ಖೋಲಿಯಲ್ಲಿ, ಕಡೆಯ ಲೋಕಲ್ ಹೋದ ಮೇಲೆ,
ರಜಾಯಿ ಹೊದ್ದು ಫೋನಿಗೆ ಹೇಳಿದ್ದು:
ಬಾಗಿಲು ಮುಚ್ಚು. ಹಾಲು ಉಕ್ಕಿತು. ನೀರು ಬಂತು.

ಅಲುಗಬೇಡಿ ಅಂದಿದ್ದರು. ಅಲುಗಲಿಲ್ಲ.
ನೂರ ನಲವತ್ತು ಚಿತ್ರಗಳ ತನಕ
ಚಲನೆಯ ಆರು ಗೆರೆಗೂ ಇಸ್ತ್ರಿ ಹಾಕಿದಂತಿದೆ.
ನೂರ ನಲವತ್ತೊಂದರಲ್ಲಿ ಆರೂ ಒಟ್ಟಿಗೆ ಹಾರಿದವು.
ಐದು ಮಿಲಿಮೀಟರು.
ಬಾಯಿ ಮೈಕಿನಲ್ಲಿ ಹಲೂ ನಕಾ, ಹಲೂ ನಕಾ ಅಂದರಂತೆ.
ನಾನು ಸಮಯದ ಪಟ್ಟಿ ತೆರೆದು ಬೆರಳಿಟ್ಟು ನೋಡಿದೆ,
ಆ ಸೆಕೆಂಡಿಗೆ ಯಾವ ಮಾತು?

ನೀರು ಬಂತು.

ಎದ್ದಿದ್ದಳು.
ಹಣೆಗೆ ಪಟ್ಟಿ, ಎರಡೂ ಕಿವಿಗೆ ಸ್ಪಂಜು,
ಸುತ್ತಲೂ ಕೋಟಿಗಟ್ಟಲೆ ಬೆಲೆಯ ಅಯಸ್ಕಾಂತ,
ಆದರೂ ನಸುಕಿನ ನಾಲ್ಕೂವರೆಗೆ
ಓಣಿಯಲ್ಲಿ ಯಾರೋ ಕೂಗಿದರೆ ಏಳುವ ಹಾಗೆ
ಎದ್ದಿದ್ದಳು. ಅಷ್ಟೇ ಜಾಗವಿತ್ತು.
ಹೊರಗೆ ಬಂದವಳೇ ಕೇಳಿದಳಂತೆ,
'ಒದರಿದಾಕಿ ಯಾರ್ರೀ? ನಮ್ಮ ಓಣ್ಯಾಕೀನಾ?'

ಪಾಣಿ ಆಲಂ ಅಂದದ್ದಕ್ಕೂ ಹುಡುಕಿದೆ.
ಅರ್ಧ ಮಿಲಿಮೀಟರು. ಉಸಿರಿರಬಹುದು.

ಗದ್ದಲ, ತೆಗೆದುಬಿಡು ಅಂದರು ಡಾಕ್ಟರ್ ಪಾಠಾರೆ.
ಸರಿಯೇ. ಒಂದು ತಲೆ ಎದ್ದರೆ
ಇಡೀ ನಕ್ಷೆಗೆ ಸುಳ್ಳು ದೀಪ ಹತ್ತಿಕೊಳ್ಳುತ್ತದೆ,
ಹೊಸ್ತಿಲು ದಾಟಬಾರದ್ದೆಲ್ಲ ದಾಟಿ ಒಳಗೆ ಬರುತ್ತದೆ.
ಹೊಸ ಹುಡುಗರಿಗೆ ನಾನೇ ಇದನ್ನು ಕಲಿಸಿದ್ದೇನೆ.
ಆದೇಶ ಕೊಟ್ಟೆ.
ನೂರ ನಲವತ್ತರಿಂದ ನೂರ ನಲವತ್ತಮೂರು,
ನಾಲ್ಕು ಚಿತ್ರ, ಎಂಟು ಸೆಕೆಂಡು, ಇಲ್ಲ.
ಈಗ ಅವಳು ಎದ್ದೇ ಇಲ್ಲ.

ಕಾರಣ ಬರೆಯಲು ಒಂದು ಖಾನೆಯಿದೆ.
ಚಲನೆ ಎಂದು ಇಂಗ್ಲಿಷಿನಲ್ಲಿ ಬರೆದರೆ ಸಾಕಿತ್ತು.
ನಾನು ಕನ್ನಡದಲ್ಲಿ ಆ ಎರಡು ಪದ ಟೈಪು ಮಾಡಿದೆ.
ಈ ತಂತ್ರಾಂಶಕ್ಕೆ ನಮ್ಮ ಲಿಪಿ ಬಾರದು.
ಪರದೆಯ ಮೇಲೆ ಮೂಡಿದ್ದು
ನಾಲ್ಕು ಚೌಕ, ನಡುವೆ ಸಂದು, ಮತ್ತೆ ನಾಲ್ಕು ಚೌಕ,
ಖಾಲಿ,
ನಲ್ಲಿಯ ಮುಂದೆ ರಾತ್ರಿಯೇ ಇಟ್ಟು ಹೋದ
ಕೊಡಗಳ ಹಾಗೆ.